ಅಂಗೈಯಗಲದ ಗಣಕಕ್ಕೆ ನಾಡಿಪರೀಕ್ಷೆ

ಸಂಜೆ ಐದು ಗಂಟೆಯ ಸಮಯ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯಂತಹ ಊರಿನ ಶಾಲೆಯೊಂದನ್ನು ವಾಚಕರು ಊಹಿಸಿಕೊಳ್ಳಲಿ. ಮೇಜಿನ ಮೇಲೆ ಇಸ್ಪೀಟಿನ ಕಟ್ಟಿನಷ್ಟೇ ಗಾತ್ರದ ಒಂದು ಗಣಕ. ಮಕ್ಕಳ ಪಾಠಗಳು, ಚಿತ್ರಗಳು, ನಿಘಂಟು ಎಲ್ಲವೂ ಅದರ ಒಡಲಿನಲ್ಲಿವೆ. ಇದ್ದಕ್ಕಿದ್ದಂತೆ ವಿದ್ಯುತ್ತು ಹೋಯಿತು. ಕಾಲು ಗಂಟೆಯ ಮೇಲೆ ಬಂದಿತು. ದೀಪಗಳು ಹೊತ್ತಿಕೊಂಡವು, ಫ್ಯಾನುಗಳು ತಿರುಗಿದವು; ಗಣಕ ಮಾತ್ರ ಏಳಲಿಲ್ಲ. ಬೆಳಗಾದರೆ ಮಕ್ಕಳು ಬಂದು ಕುಳಿತುಕೊಳ್ಳುವರು. ಉಪಾಧ್ಯಾಯರ ಮುಂದೆ ಎರಡೇ ದಾರಿ: ಅದನ್ನು ಬಟ್ಟೆಯಲ್ಲಿ ಸುತ್ತಿ ಬೆಂಗಳೂರಿಗೆ ಕಳುಹಿಸುವುದು, ಇಲ್ಲವೆ ರೋಗವೇನೆಂಬುದನ್ನು ತಾವೇ ಅರಿಯುವುದು.

ಎರಡನೆಯ ದಾರಿಯೂ ಉಂಟೆಂಬುದೇ ಇಂತಹ ಯಂತ್ರಗಳ ಹಿರಿಮೆ. ಇವನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ತಿರುಳನ್ನು 1991ರಲ್ಲಿ ಲೋಕದ ಮುಂದಿಟ್ಟವರು ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್. ಅದರ ಒಳಗುಟ್ಟು ಯಾರಿಗೂ ಮುಚ್ಚಿದುದಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಬೇಡವಾದುದನ್ನು ಕಿತ್ತೊಗೆದು ಚಿಕ್ಕ ಯಂತ್ರಕ್ಕೆ ಒಗ್ಗುವಂತೆ ಹಗುರಗೊಳಿಸಬಹುದು.

ಇಂತಹ ಲಾಘವ ಸಿರಿಗೆರೆಗೆ ಹೊಸತಲ್ಲ. ಇಲ್ಲಿಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳು ಪಾಣಿನಿಯ ವ್ಯಾಕರಣವನ್ನು ಗಣಕಕ್ಕೆ ಅಳವಡಿಸಿ 'ಗಣಕಾಷ್ಟಾಧ್ಯಾಯೀ' ಎಂಬ ತಂತ್ರಾಂಶವನ್ನು ರೂಪಿಸಿದರು. ಪಾಣಿನಿ 'ಅಚ್' ಎಂದರೆ ಸಾಕು, ಸ್ವರಗಳೆಲ್ಲವೂ ಅದರಲ್ಲಿ ಅಡಗಿದವು. ಹಗುರ ಲಿನಕ್ಸಿನಲ್ಲಿಯೂ ಅಂತಹುದೇ ಉಪಾಯವಿದೆ. 'ಬಿಜಿಬಾಕ್ಸ್' ಎಂಬ ಒಂದೇ ಒಂದು ಪುಟ್ಟ ಕ್ರಮವಿಧಿ, ಕರೆದ ಹೆಸರಿಗೆ ತಕ್ಕಂತೆ ನೂರಾರು ಉಪಕರಣಗಳ ಕೆಲಸವನ್ನು ಮಾಡುತ್ತದೆ.

ಕನ್ನಡನಾಡಿನ ಮೊದಲ ಸಾಹಸ

ಲಿನಕ್ಸನ್ನು ಅಂಗೈಗೆ ಇಳಿಸುವ ಸಾಹಸ ನಮ್ಮ ನಾಡಿನಲ್ಲಿಯೂ ನಡೆದುದುಂಟು. 1998ರಲ್ಲಿ ಬೆಂಗಳೂರಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿಚಾರಗೋಷ್ಠಿಯ ಚಿಂತನೆಯಿಂದ 'ಸಿಂಪ್ಯೂಟರ್' ಮೊಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೊಡನೆ ಕೂಡಿ ಇದನ್ನು ರೂಪಿಸಿದರು. ಅಕ್ಷರ ಬಾರದ ರೈತನಿಗೂ ಕನ್ನಡದಲ್ಲಿ ಓದಿ ಹೇಳಬಲ್ಲ ಅಗ್ಗದ ಗಣಕವೇ ಅವರ ಕನಸು. 2001ರಲ್ಲಿ ಅದು ಬೆಳಕಿಗೆ ಬಂದಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಮಾದರಿ ಮಾರುಕಟ್ಟೆಯನ್ನು ಸೇರಿತು. ಐವತ್ತು ಸಾವಿರದ ಗುರಿಯಿದ್ದರೂ 2005ರ ವೇಳೆಗೆ ಮಾರಾಟವಾದುವು ನಾಲ್ಕು ಸಾವಿರದಷ್ಟು. ಬೆಲೆ ಎಣಿಸಿದಷ್ಟು ಇಳಿಯಲಿಲ್ಲ. ಅತ್ತ ಮೊಬೈಲ್ ಫೋನು ಮನೆಮನೆಯನ್ನೂ ಹೊಕ್ಕಿತು. ಸಿಂಪ್ಯೂಟರ್ ಮರೆಗೆ ಸರಿದರೂ ಅದರ ಆಸೆ ಅಳಿಯಲಿಲ್ಲ. 2012ರಲ್ಲಿ ಬ್ರಿಟನ್ನಿನಿಂದ ಬಂದ 'ರಾಸ್ಪ್‌ಬೆರಿ ಪೈ' ಮೊದಲಾದ ಕಿರುಗಣಕಗಳು ಅದನ್ನು ಮತ್ತೊಂದು ಬಗೆಯಲ್ಲಿ ನಡೆಸಿಕೊಟ್ಟಿವೆ.

ರೋಗ ಎಲ್ಲಿದೆ?

ಕೆಟ್ಟ ಯಂತ್ರವನ್ನು ಕಂಡೊಡನೆ ತಂತ್ರಾಂಶವನ್ನು ದೂರುವುದು ಸಹಜ. ಆದರೆ ಮೊದಲು ವಿಚಾರಿಸಬೇಕಾದುದು ಅದರ ಆಹಾರವನ್ನು. ರಾಸ್ಪ್‌ಬೆರಿ ಪೈ ಐದು ವೋಲ್ಟಿನಿಂದ ನಡೆಯುತ್ತದೆ. ಹಳೆಯ ಫೋನಿನ ಚಾರ್ಜರನ್ನು ಎಳೆತೆಳ್ಳನೆಯ ತಂತಿಯೊಡನೆ ಜೋಡಿಸಿದರೆ, ಹೊರಟ ಐದು ವೋಲ್ಟು ದಾರಿಯಲ್ಲಿಯೇ ಸೊರಗುತ್ತದೆ. ಕೆಲಸ ಹೆಚ್ಚಿದಾಗ ಯಂತ್ರ ತಾನಾಗಿ ನಿಂತು ಮತ್ತೆ ಏಳುವುದು ಈ ಹಸಿವಿನ ಲಕ್ಷಣ. ಬಹುತೇಕ ಮಾದರಿಗಳಲ್ಲಿ ಕೆಂಪು ದೀಪ ವಿದ್ಯುತ್ತನ್ನೂ, ಮಿನುಗುವ ಹಸಿರು ದೀಪ ನೆನಪಿನ ಕಾರ್ಡಿನ ಓದನ್ನೂ ಸೂಚಿಸುತ್ತವೆ.

ಕೆಂಪು ದೀಪವಿದ್ದು ಹಸಿರು ಮಿನುಗದಿದ್ದರೆ ಸಂದೇಹ ಕಾರ್ಡಿನ ಮೇಲೆ. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಅರ್ಧ ಬರೆದ ಪುಟ ಹಾಗೆಯೇ ಉಳಿದು ಕಡತಗಳ ಲೆಕ್ಕ ತಪ್ಪುತ್ತದೆ. ಕಾರ್ಡನ್ನು ಬೇರೊಂದು ಲಿನಕ್ಸ್ ಗಣಕಕ್ಕೆ ಹಾಕಿ, ಮೊದಲು ಅದರ ನಕಲು ತೆಗೆದು, ಆಮೇಲೆ ದುರಸ್ತಿಗೆ ಕೈಹಾಕುವುದು ಜಾಣತನ. ನಕಲಿಲ್ಲದ ಚಿಕಿತ್ಸೆಯಲ್ಲಿ ಉಳಿದ ಪಾಠಗಳೂ ಕೈಬಿಡಬಹುದು.

ಪರದೆ ಕತ್ತಲಾದರೂ ಯಂತ್ರ ಮೂಕವಲ್ಲ. ಅದರ ಅಂಚಿನ ಮೊಳೆಗಳಿಗೆ ಮೂರು ತಂತಿಗಳನ್ನು ಸೇರಿಸಿ, 3.3 ವೋಲ್ಟಿಗೆ ತಕ್ಕ ಜೋಡಣೆಯ ಮೂಲಕ ಇನ್ನೊಂದು ಗಣಕಕ್ಕೆ ಹೊಂದಿಸಿ, ಆ ಮಾತಿನ ದಾರಿಯನ್ನು ಮೊದಲೇ ತೆರೆದಿಟ್ಟಿದ್ದರೆ, ಎದ್ದಾಗಿನಿಂದ ನಡೆದುದನ್ನೆಲ್ಲ ಸಾಲುಸಾಲಾಗಿ ಅದು ಒಪ್ಪಿಸುತ್ತದೆ. ಅನುಭವಿಗಳು ನೋಡುವುದು ಕೊನೆಯ ಸಾಲನ್ನಲ್ಲ, ಮೊದಲನೆಯ ದೂರನ್ನು. ಮುಂದಿನವು ಬಹುಮಟ್ಟಿಗೆ ಅದರ ಮರಿಗಳು.

ಇನ್ನೊಂದು ವಿಚಿತ್ರ ವ್ಯಾಧಿಯುಂಟು. ಯಂತ್ರ ಚೆನ್ನಾಗಿಯೇ ಎದ್ದಿದೆ, ಆದರೆ ಅಂತರಜಾಲದ ಸುರಕ್ಷಿತ ತಾಣಗಳು ಬಾಗಿಲು ತೆರೆಯವು. ಕಾರಣ ಗಡಿಯಾರ! ಇಂತಹ ಹಲವು ಗಣಕಗಳಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ವಿದ್ಯುತ್ತು ಹೋದಾಗ ಅವುಗಳ ಕಾಲ ನಿಲ್ಲುತ್ತದೆ. ಹಳೆಯ ತಾರೀಖನ್ನು ಹಿಡಿದು ಕುಳಿತ ಯಂತ್ರ, ಹೊರಗಿನ ತಾಣಗಳು ತೋರಿಸುವ ರುಜುವಾತನ್ನು ತಾನೇ ಒಪ್ಪುವುದಿಲ್ಲ. ತಾರೀಖು ತಿದ್ದಿದರೆ ರೋಗ ಮಾಯ.

ಬಾರದಂತೆ ತಡೆಯುವುದೂ ಸಾಧ್ಯ. ಕಾರ್ಡನ್ನು ಓದಲು ಮಾತ್ರ ತೆರೆದು, ನಿತ್ಯದ ಬರಹವನ್ನು ತಾತ್ಕಾಲಿಕ ನೆನಪಿನಲ್ಲಿಯೇ ನಡೆಸಬಹುದು. 'ಆಲ್ಪೈನ್' ಎಂಬ ಹಗುರ ಲಿನಕ್ಸನ್ನು ಹೀಗೆ ನಡೆಸುವ ಏರ್ಪಾಡು ಸಿದ್ಧವಾಗಿಯೇ ಇದೆ. ವಿದ್ಯುತ್ತು ಹತ್ತು ಬಾರಿ ಹೋದರೂ ಕಾರ್ಡು ಕೆಡುವ ಭಯ ಬಹಳಷ್ಟು ತಗ್ಗುತ್ತದೆ. ಆದರೆ ಉಳಿಸಬೇಕಾದ ಅಂಕಪಟ್ಟಿಯಂತಹವನ್ನು ಬೇರೆಡೆ ಬರೆದಿಡುವುದನ್ನು ಮರೆಯಬಾರದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲವನ್ನು ಬರೆದಿಡಬೇಕೆಂಬುದು ಈ ವಿದ್ಯೆಯ ಮೂಲ ನಿಯಮ. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಯಂತ್ರ ಎದ್ದರೂ ಕಾರಣ ತಿಳಿಯದು. ಮುಂದಿನ ಬಾರಿ ಅವನು ಮೊದಲಿನಷ್ಟೇ ಅಸಹಾಯಕ.

ನಮ್ಮ ಊಹೆಯ ಶಾಲೆಯಲ್ಲಿ ಕೆಟ್ಟಿದ್ದುದು ಕಾರ್ಡು. ಉಪಾಧ್ಯಾಯರು ಕಪಾಟಿನಲ್ಲಿದ್ದ ನಕಲು ಕಾರ್ಡನ್ನು ಹಾಕಿದರು. ಹಸಿರು ದೀಪ ಮಿನುಗಿತು. ಮನೆಗೆ ಹೊರಡುವ ಮುನ್ನ ಅವರು ಅಂದಿನ ತಾರೀಖು, ರೋಗ, ಮದ್ದು ಮೂರನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು ಗಣಕದ ಪಕ್ಕದಲ್ಲಿಯೇ ಇಟ್ಟರು. ಮುಂದಿನ ಬಾರಿ ಅದನ್ನು ನೋಡಿ ಯಂತ್ರವನ್ನು ಎಬ್ಬಿಸುವವನು ಎಂಟನೆಯ ತರಗತಿಯ ಹುಡುಗನೇ ಆಗಿರಬಹುದು.