ವಾಲಿಯ ಪ್ರಶ್ನೆ, ಅರಿಸ್ಟಾಟಲನ ಉತ್ತರ

ಫ್ಲವರ್ ಮೌಂಡ್ ಇರಲಿ, ಹ್ಯೂಸ್ಟನ್ ಇರಲಿ, ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ನಮ್ಮ ಎಷ್ಟೋ ಮನೆಗಳಿಗೆ ಡಿಬೇಟ್ ಸ್ಪರ್ಧೆ ಪರಿಚಿತ. ಟೆಕ್ಸಾಸಿನಲ್ಲಿ ಇದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯ 1910ರಲ್ಲಿ ಹೈಸ್ಕೂಲುಗಳಿಗಾಗಿ ಆರಂಭಿಸಿದ ಚರ್ಚಾಕೂಟವೇ ಬೆಳೆದು ಇಂದಿನ ಯು.ಐ.ಎಲ್. ಆಗಿದೆ. ಈ ಸ್ಪರ್ಧೆಗಳಲ್ಲಿ ಒಂದು ಸುತ್ತಿನಲ್ಲಿ ವಿಷಯದ ಪರವಾಗಿ ವಾದಿಸಿದ ಮಗುವೇ ಇನ್ನೊಂದು ಸುತ್ತಿನಲ್ಲಿ ಅದರ ವಿರುದ್ಧ ವಾದಿಸಬೇಕಾಗುತ್ತದೆ. ಹಾಗಾದರೆ ಮಕ್ಕಳು ಕಲಿಯುವುದು ಸತ್ಯವನ್ನೋ, ಬರೀ ಮಾತಿನ ಮೋಡಿಯನ್ನೋ?

ಪ್ರಶ್ನೆ ಹಳೆಯದು. ಪ್ರಾಚೀನ ಅಥೆನ್ಸಿನ ನ್ಯಾಯಾಲಯದಲ್ಲಿ ಪ್ರಜೆಗಳು ಸಾಮಾನ್ಯವಾಗಿ ತಮ್ಮ ಪರವಾಗಿ ತಾವೇ ಮಾತನಾಡಬೇಕಿತ್ತು. ಹೀಗಾಗಿ ಹಣ ಪಡೆದು ಮಾತುಗಾರಿಕೆ ಕಲಿಸುವ ಸೋಫಿಸ್ಟರಿಗೆ ಬೇಡಿಕೆ ಬಂತು. ಪ್ಲೇಟೋಗೆ ಇದು ಹಿಡಿಸಲಿಲ್ಲ. ಅವನ ‘ಗೋರ್ಗಿಯಾಸ್’ ಸಂವಾದದಲ್ಲಿ ಸಾಕ್ರಟೀಸ್ ಈ ವಿದ್ಯೆಯನ್ನು ಅಡುಗೆಗೆ ಹೋಲಿಸುತ್ತಾನೆ: ವೈದ್ಯ ದೇಹದ ಹಿತ ನೋಡಿದರೆ, ಅಡುಗೆಯವನು ನಾಲಿಗೆಯ ರುಚಿ ನೋಡುತ್ತಾನೆ.

ಶಿಷ್ಯ ಅರಿಸ್ಟಾಟಲ್ (ಕ್ರಿ.ಪೂ. 384–322) ಬೇರೆ ದಾರಿ ಹಿಡಿದ. ‘ರೆಟರಿಕ್’ ಗ್ರಂಥದಲ್ಲಿ ಅವನು ಹೇಳುವುದಿಷ್ಟು: ಕೆಟ್ಟದ್ದನ್ನು ಜನರಿಗೆ ಒಪ್ಪಿಸಬಾರದು, ಆದರೂ ಎರಡೂ ಕಡೆ ವಾದಿಸಲು ತಿಳಿದಿರಬೇಕು. ಆಗ ವಿಷಯದ ನಿಜಸ್ಥಿತಿ ಕಾಣುತ್ತದೆ, ಎದುರಾಳಿ ಅನ್ಯಾಯದ ವಾದ ಹೂಡಿದರೆ ಉತ್ತರ ಕೊಡಲೂ ಬರುತ್ತದೆ. ಮನವೊಲಿಸುವ ಮಾತಿಗೆ ಅವನು ಮೂರು ಆಧಾರ ಹೇಳಿದ: ಎಥೋಸ್ ಎಂದರೆ ಮಾತಾಡುವವನ ಮೇಲಿನ ನಂಬಿಕೆ, ಪೇಥೋಸ್ ಎಂದರೆ ಕೇಳುಗರ ಭಾವ, ಲೋಗೋಸ್ ಎಂದರೆ ತರ್ಕ.

ಈ ಮೂರನ್ನೂ ನೋಡಲು ಗ್ರೀಸಿಗೇ ಹೋಗಬೇಕಿಲ್ಲ. ನಮ್ಮ ಕರಾವಳಿಯ, ಕಾಸರಗೋಡಿನ ತಾಳಮದ್ದಳೆಗೆ ಬಂದರೆ ಸಾಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ; ಅರ್ಥಧಾರಿಗಳು ಕುಳಿತಲ್ಲೇ, ಬರೆದಿಟ್ಟ ಸಂಭಾಷಣೆಯಿಲ್ಲದೆ ಆಶುವಾಗಿ ವಾದಿಸುತ್ತಾರೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಕಲೆಯ ದಿಗ್ಗಜರಲ್ಲೊಬ್ಬರು. ಅವರ ವಾಲಿ, ರಾವಣ ಮನೆಮಾತು.

‘ವಾಲಿವಧೆ’ಯನ್ನೇ ನೋಡಿ. ನಿನಗೂ ನನಗೂ ಹಗೆಯಿರಲಿಲ್ಲ, ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂಬ ವಾಲಿಯ ಪ್ರಶ್ನೆ ಲೋಗೋಸ್. ಮಗ ಅಂಗದನನ್ನು ನೆನೆದು ಅವನು ಮರುಗುವುದು ಪೇಥೋಸ್. ಇನ್ನು ರಾಮನ ಕಷ್ಟವೆಲ್ಲ ಎಥೋಸಿನದು: ಧರ್ಮಿಷ್ಠನೆಂಬ ಹೆಸರೇ ಇಲ್ಲಿ ಪಣಕ್ಕೆ ಬಿದ್ದಿದೆ. ತಮ್ಮನ ಹೆಂಡತಿಯನ್ನು ಅಪಹರಿಸಿದವನಿಗೆ ಇದು ರಾಜದಂಡ ಎಂದು ರಾಮ ಸಮರ್ಥಿಸಿಕೊಳ್ಳಬೇಕು. ಇಂದು ವಾಲಿಯಾದವರು ನಾಳೆ ರಾಮನಾಗಬಹುದು. ಯಾರೂ ಅವರನ್ನು ಸುಳ್ಳುಗಾರರೆನ್ನುವುದಿಲ್ಲ. ಎರಡೂ ಕಡೆಯ ನೋವು, ನ್ಯಾಯ ಬಲ್ಲವರೆಂದೇ ಗೌರವಿಸುತ್ತಾರೆ.

ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಈ ವಿದ್ಯೆ ಕಲಿಯುತ್ತಿದ್ದಾರೆ, ಸಂತೋಷ. ಆದರೆ ಅಜ್ಜಿಯೊಡನೆ ಫೋನಿನಲ್ಲಿ ‘ಊಟ ಆಯ್ತಾ’ ದಾಟಿದರೆ ಅವರ ಕನ್ನಡ ತಡವರಿಸುತ್ತದೆ. ಒಪ್ಪಿಸಲು, ಒಪ್ಪದಿರಲು, ಮುನಿಸು ತಿಳಿಸಲು ಬಾರದ ಭಾಷೆ ಮನೆಯಲ್ಲಿ ಎಷ್ಟು ದಿನ ಉಳಿದೀತು? ಮುಂದಿನ ಹಬ್ಬದ ಕಾರ್ಯಕ್ರಮದಲ್ಲಿ ಇಬ್ಬರು ಮಕ್ಕಳಿಗೆ ಹತ್ತು ನಿಮಿಷ ಕೊಡೋಣ. ಒಬ್ಬರು ವಾಲಿ, ಒಬ್ಬರು ರಾಮ. ಮರುವರ್ಷ ಪಾತ್ರ ಅದಲುಬದಲು. ವ್ಯಾಕರಣ ತಪ್ಪಿದರೆ ತಪ್ಪಲಿ, ವಾದ ಮಾತ್ರ ಕನ್ನಡದಲ್ಲಿರಲಿ.