ಕೊಲೆಗಾರನ ಕಥೆಯೂ ಕೊಲೆಯೂ

ಎಲ್ಲಿಯಾದರೂ ಸಾಲಾಗಿ ಹತ್ಯೆಗಳು ನಡೆದವೆಂದರೆ ‘ಇದೆಲ್ಲ ಸಿನೇಮಾದ ಫಲ’ವೆಂದು ಹೇಳಿ ಕೈತೊಳೆದುಕೊಳ್ಳುವದು ನಮ್ಮಲ್ಲಿ ರೂಢಿಯಾಗಿದೆ. ಶಿಕ್ಷಕರಾದ ನಾವಂತೂ ಈ ಮಾತನ್ನು ಪದೇಪದೇ ಆಡುತ್ತೇವೆ. ಇದರಲ್ಲಿ ನಿಜವೆಷ್ಟೆಂಬುದನ್ನು ವಿಚಾರಿಸಬೇಕಾಗಿದೆ.

ಸೊಲ್ಲಾಪುರದಿಂದ ಹೈದರಾಬಾದಿನ ದಾರಿ ಹಿಡಿದವರು ನಳದುರ್ಗದ ಕೋಟೆಯನ್ನು ಕಂಡೇ ಇರುವರು. ಮೊದಲು ಸುರಪುರದಲ್ಲಿಯೂ 1853ರಿಂದ ಕೆಲವು ವರ್ಷ ಈ ನಳದುರ್ಗದಲ್ಲಿಯೂ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು, 1839ರಲ್ಲಿಯೇ ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಕಾದಂಬರಿಯೊಂದನ್ನು ಪ್ರಕಟಿಸಿದ್ದನು. ಅದರ ನಾಯಕ ಅಮೀರ ಅಲಿ ತಾನು ಕೊಂದವರನ್ನು 719 ಎಂದು ಎಣಿಸುತ್ತಾನೆ. ಅದು ಕಾದಂಬರಿಯ ಲೆಕ್ಕ. ಮಾಫಿಯ ಆಸೆಯಿಂದ ಸರಕಾರದ ಸಾಕ್ಷಿಗಳಾದ ನಿಜವಾದ ಠಗ್ಗರ ಹೇಳಿಕೆಗಳನ್ನು ಎಷ್ಟು ನಂಬಬೇಕೆಂಬುದರಲ್ಲಿಯೂ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆದರೆ ದಾರಿಹೋಕರ ಸ್ನೇಹ ಬೆಳೆಸಿ, ರುಮಾಲಿನಿಂದ ಕುತ್ತಿಗೆ ಬಿಗಿದು, ಹೆಣ ಹೂಳಿ ದೋಚುವ ತಂಡಗಳು ಇದ್ದುದು ಸುಳ್ಳಲ್ಲ. ಅವರು ಚಿತ್ರಪಟ ಕಂಡವರಲ್ಲ, ವೃತ್ತಪತ್ರ ಓದಿದವರಲ್ಲ. ಹಣದಾಸೆ, ಜೊತೆಗಾರರ ತಂಡ, ಕಾವಲಿಲ್ಲದ ದಾರಿ, ಕಾಣೆಯಾದರೆ ತಿಂಗಳುಗಟ್ಟಲೆ ಯಾರೂ ಹುಡುಕದ ಪ್ರಯಾಣಿಕ, ಇಷ್ಟೇ ಸಾಕಾಗಿತ್ತು. ಪುಸ್ತಕವು ಆಮೇಲೆ ಬಂದು ಠಗ್ಗನನ್ನು ಇಂಗ್ಲಂಡದಲ್ಲಿ ಪ್ರಸಿದ್ಧನನ್ನಾಗಿ ಮಾಡಿತು.

ಪುಣೆಯಲ್ಲಿಯೂ ಅನುಕ್ರಮ ಇದೇ. 1976-77ರಲ್ಲಿ ಕಲಾಶಾಲೆಯ ತರುಣರು ಹತ್ತು ಜನರನ್ನು ಕೊಂದರು. ನಾಲ್ವರಿಗೆ 1983ರಲ್ಲಿ ಗಲ್ಲಾಯಿತು. ‘ಮಾಫೀಚಾ ಸಾಕ್ಷೀದಾರ’ ಚಿತ್ರ ಬಂದದ್ದು 1986ರಲ್ಲಿ. ನಮ್ಮ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಗೆಳೆಯನೇ ಗೆಳೆಯನನ್ನು ಕೊಲೆಗೆ ಒಪ್ಪಿಸುತ್ತಾನೆ. ತಲೆಮಾರುಗಳಿಂದ ಬೆಳತನಕ ಅದನ್ನು ನೋಡಿದ ಜನ ಕಣ್ಣೊರಸಿಕೊಂಡು ಹೊಲಕ್ಕೆ ಹೋದರೇ ಹೊರತು ಕೊಡಲಿ ಎತ್ತಲಿಲ್ಲ.

ಹಾಗಾದರೆ ಪ್ರಭಾವವೇ ಇಲ್ಲವೆ? ಇದೆ, ಅದು ಕಥೆಗಿಂತ ಹೆಚ್ಚಾಗಿ ಕೀರ್ತಿಯಲ್ಲಿದೆ. 1999ರಲ್ಲಿ ಅಮೇರಿಕೆಯ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ನಡೆಸಿದ ಹತ್ಯಾಕಾಂಡಕ್ಕೆ ದೊರೆತ ಪ್ರಚಾರವನ್ನು ಕಂಡು, ಅವರನ್ನೇ ಮಾದರಿಯಾಗಿ ಇಟ್ಟುಕೊಂಡವರು ಮುಂದೆ ಹಲವರಾದರು. ಇಂಥ ಒಂದು ಹತ್ಯಾಕಾಂಡದ ನಂತರ ಸುಮಾರು 13 ದಿನ ಇನ್ನೊಂದರ ಸಂಭವ ಹೆಚ್ಚಿರುತ್ತದೆಂದು 2015ರ ಸಂಶೋಧನೆಯೊಂದು ಲೆಕ್ಕಹಾಕಿತು. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ. 2019ರಲ್ಲಿ ನ್ಯೂಝೀಲಂಡದ ಮಸೀದೆಗಳಲ್ಲಿ 51 ಜನರನ್ನು ಕೊಂದವನು ತನ್ನ ಕೃತ್ಯವನ್ನು ತಾನೇ ನೇರವಾಗಿ ಪ್ರಸಾರ ಮಾಡಿದನು. ಪ್ರಧಾನಿ ಜಸಿಂಡಾ ಆರ್ಡರ್ನ್ ಅವರು ಅವನ ಹೆಸರನ್ನು ತಾವು ಎಂದೂ ಉಚ್ಚರಿಸುವದಿಲ್ಲವೆಂದು ಪಾರ್ಲಿಮೆಂಟಿನಲ್ಲಿ ಸಾರಿದರು. ಯಾವ ಚಿತ್ರನಿಷೇಧಕ್ಕಿಂತಲೂ ಈ ನಡೆ ನಮಗೆ ಹೆಚ್ಚು ವಿವೇಕದ್ದಾಗಿ ತೋರುತ್ತದೆ.

ಅಕ್ಕಲಕೋಟೆಯ ಸೀಮೆಯ ತರಗತಿಯೊಂದರಲ್ಲಿ ವೀರಪ್ಪನ್ ಯಾರೆಂದು ಕೇಳಿದೆವು. ಬಹಳಷ್ಟು ಕೈಗಳು ಮೇಲೆದ್ದವು. ಒಬ್ಬ ಹುಡುಗನು ಮೀಸೆ ತಿರುವಿಯೂ ತೋರಿಸಿದನು. ಗೋಪಿನಾಥಂ ಊರಿನಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿದ, ವೀರಪ್ಪನ್ ಶರಣಾಗುವನೆಂದು ನಂಬಿ 1991ರ ನವೆಂಬರದಲ್ಲಿ ನಿರಾಯುಧರಾಗಿ ಹೋಗಿ ಅವನಿಂದ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರು ಯಾರೆಂದು ಕೇಳಿದೆವು. ಒಂದು ಕೈಯೂ ಏಳಲಿಲ್ಲ. ಪಾಠ ಹೇಳುವವರು ನಾವೇ ಅಲ್ಲವೆ!