ನೊರೆ ಹೇಳದ ಲೆಕ್ಕ

ಅದೇ ಯೀಸ್ಟ್, ಅದೇ ಒಂದು ಲೀಟರ್ ಮಾಲ್ಟ್ ರಸ, ಅದೇ ಗಾಜಿನ ಫ್ಲಾಸ್ಕು. ಹೋದ ಸಲ ಬೆಳಗಾಗುವಷ್ಟರಲ್ಲಿ ನೊರೆ ಉಕ್ಕಿ ಮೇಜಿನ ಮೇಲೆ ಹರಿದಿತ್ತು, ಈ ಸಲ ಎರಡು ದಿನವಾದರೂ ಸದ್ದಿಲ್ಲ. ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸಿಗಳು ಮತ್ತೆ ಮತ್ತೆ ಹೇಳಿಕೊಳ್ಳುವ ತೊಂದರೆ ಇದು. ಅಮೆರಿಕದಲ್ಲಿ ಈ ಹವ್ಯಾಸ ಬೆಳೆದದ್ದು 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ನಂತರ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಆದರೆ ಸಮಸ್ಯೆಯ ಒಳಗಿರುವ ಜೀವಶಾಸ್ತ್ರ ಎಲ್ಲರಿಗೂ ತಿಳಿದಿರಬೇಕಾದಷ್ಟು ಸೊಗಸಾಗಿದೆ.

ಹಾಲಿಗೆ ಹೆಪ್ಪು ಹೇಗೋ ಬಿಯರಿಗೆ ಸ್ಟಾರ್ಟರ್ ಹಾಗೆ. ಸುಮಾರು 100 ಗ್ರಾಂ ಒಣ ಮಾಲ್ಟ್ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಒಂದೆರಡು ದಿನ ಇಟ್ಟರೆ ಯೀಸ್ಟ್ ಸಂಖ್ಯೆ ಹೆಚ್ಚುತ್ತದೆ. ಹೆಚ್ಚಿಸಬೇಕಾದದ್ದೇಕೆ ಎಂಬುದಕ್ಕೆ ಒಂದು ಲೆಕ್ಕವಿದೆ. ಏಲ್ ಬಗೆಯ ಬಿಯರಿಗೆ ಪ್ರತಿ ಮಿಲಿಲೀಟರಿಗೆ, ಸಿಹಿಯ ಪ್ರತಿ ಪ್ಲೇಟೋ ಡಿಗ್ರಿಗೆ ಸುಮಾರು ಏಳೂವರೆ ಲಕ್ಷ ಜೀವಂತ ಕೋಶಗಳು ಬೇಕು. 12 ಡಿಗ್ರಿಯ 20 ಲೀಟರ್ ರಸಕ್ಕೆ 18,000 ಕೋಟಿ. ದ್ರವರೂಪದ ಯೀಸ್ಟಿನ ಹೊಸ ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು 10,000 ಕೋಟಿ. ಉಳಿದದ್ದನ್ನು ನಾವೇ ಬೆಳೆಸಿಕೊಳ್ಳಬೇಕು.

ಆದರೆ ಆ ಪ್ಯಾಕೆಟ್ಟಿನಲ್ಲಿ ಬದುಕಿರುವವು ಎಷ್ಟು? ಫ್ರಿಜ್ಜಿನಲ್ಲಿಟ್ಟರೂ ಕೋಶಗಳು ಸಾಯುತ್ತಲೇ ಇರುತ್ತವೆ. ಬಿಸಿಲಿನಲ್ಲಿ ಪಾರ್ಸೆಲ್ ಬಂದಿದ್ದರೆ ಇನ್ನೂ ಬೇಗ. ಸಾಯದೆ ಉಳಿದವೂ ಸೊರಗಿರುತ್ತವೆ. ಯೀಸ್ಟ್ ತನ್ನೊಳಗೆ ಗ್ಲೈಕೋಜನ್ ಎಂಬ ಪಿಷ್ಟದಂಥ ವಸ್ತುವನ್ನು ಕೂಡಿಟ್ಟುಕೊಂಡು ಹಸಿವಿನ ಕಾಲದಲ್ಲಿ ಕರಗಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಕಾದ ಕೋಶದಲ್ಲಿ ಆ ದಾಸ್ತಾನು ಬರಿದು. ಅದು ಮೊದಲು ಸುಧಾರಿಸಿಕೊಂಡು ಆಮೇಲೆ ಮೊಗ್ಗೊಡೆಯಬೇಕು. ಹಾಗಾಗಿ 24 ಗಂಟೆ ಎಂದು ಗಡಿಯಾರ ನೋಡಿ ಕೆಲಸ ನಿಲ್ಲಿಸುವವರಿಗೆ ಹೊಸ ಪ್ಯಾಕೆಟ್ಟಿನಿಂದ ಪೂರ್ತಿ ಬೆಳೆದ ಸ್ಟಾರ್ಟರ್ ಸಿಗುತ್ತದೆ, ಹಳೆಯದರಿಂದ ಅರ್ಧ ಬೆಳೆದದ್ದು. ಮೇಲ್ನೋಟಕ್ಕೆ ವಿಧಾನ ಒಂದೇ, ಆದರೆ ಹೊರಟ ಜಾಗವೇ ಬೇರೆ.

ಆಮ್ಲಜನಕದ ಪಾತ್ರವನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಗಾಳಿ ಕೊಟ್ಟರೆ ಯೀಸ್ಟ್ ಉಸಿರಾಡಿ ಬೆಳೆಯುತ್ತದೆ, ಆಲ್ಕೋಹಾಲ್ ಮಾಡುವುದಿಲ್ಲ ಎಂಬುದು ರೂಢಿಯ ನಂಬಿಕೆ. ಸಕ್ಕರೆ ಧಾರಾಳವಾಗಿದ್ದರೆ ಬಿಯರಿನ ಯೀಸ್ಟ್ ಗಾಳಿಯಿದ್ದರೂ ಆಲ್ಕೋಹಾಲನ್ನೇ ಮಾಡುತ್ತದೆ. ಕ್ರ್ಯಾಬ್‌ಟ್ರೀ ಪರಿಣಾಮ ಎಂದು ಇದಕ್ಕೆ ಹೆಸರು. ಆಮ್ಲಜನಕ ಬೇಕಾಗುವುದು ಕೋಶದ ಪೊರೆ ಕಟ್ಟಲು. ಪೊರೆಗೆ ಎರ್ಗೋಸ್ಟೆರಾಲ್ ಮತ್ತು ಅಪರ್ಯಾಪ್ತ ಕೊಬ್ಬಿನಾಮ್ಲಗಳು ಬೇಕು, ಅವನ್ನು ತಯಾರಿಸಲು ಆಮ್ಲಜನಕವಿಲ್ಲದೆ ಆಗದು. ಪ್ರತಿ ಸಲ ಮೊಗ್ಗೊಡೆದಾಗ ತಾಯಿಕೋಶ ತನ್ನಲ್ಲಿದ್ದದ್ದನ್ನು ಮರಿಯ ಜೊತೆ ಹಂಚಿಕೊಳ್ಳುತ್ತದೆ. ಕೆಲವೇ ತಲೆಮಾರಿನಲ್ಲಿ ಪೊರೆ ಬಡವಾಗಿ ಬೆಳವಣಿಗೆ ನಿಂತುಹೋಗುತ್ತದೆ. ಮುಚ್ಚಿಟ್ಟು ಮರೆತ ಫ್ಲಾಸ್ಕಿಗೂ ದಿನವಿಡೀ ಅಲ್ಲಾಡಿಸಿದ ಫ್ಲಾಸ್ಕಿಗೂ ಇಷ್ಟೊಂದು ಅಂತರ ಬರುವುದು ಇದರಿಂದಲೇ. ಮಾಲ್ಟ್ ಇಲ್ಲವೆಂದು ಬರೀ ಸಕ್ಕರೆ ನೀರು ಕೊಡುವುದೂ ಸರಿಯಲ್ಲ. ಅದರಲ್ಲಿ ಸಾರಜನಕವಿಲ್ಲ, ಮೇಲಾಗಿ ಗ್ಲೂಕೋಸ್ ತಿಂದು ಬೆಳೆದ ಯೀಸ್ಟ್ ಮಾಲ್ಟ್ ರಸದ ಸಕ್ಕರೆಯಾದ ಮಾಲ್ಟೋಸನ್ನು ಒಳಗೆ ಸೆಳೆದುಕೊಳ್ಳುವ ಏರ್ಪಾಟನ್ನು ಮುಚ್ಚಿಟ್ಟಿರುತ್ತದೆ.

ಇನ್ನು ನೊರೆ. ಅಯಸ್ಕಾಂತದ ಕಡ್ಡಿ ಸುತ್ತುವ ಸ್ಟಿರ್ ಪ್ಲೇಟ್ ಮೇಲಿಟ್ಟ ಸ್ಟಾರ್ಟರಿನಲ್ಲಿ ಎಷ್ಟೋ ಸಲ ನೊರೆ ಕಾಣುವುದೇ ಇಲ್ಲ. ಕಲಕಿದಾಗೆಲ್ಲ ಅನಿಲ ಹೊರಟುಹೋಗುತ್ತದೆ. ನಡುರಾತ್ರಿ ನೊರೆ ಎದ್ದು ಇಳಿದಿರಲೂಬಹುದು. ನೋಡಬೇಕಾದದ್ದು ಬೇರೆ ಗುರುತುಗಳನ್ನು: ಜೇನಿನಂತೆ ಪಾರದರ್ಶಕವಾಗಿದ್ದ ರಸ ಹಾಲು ಬೆರೆಸಿದಂತೆ ಕದಡಿರಬೇಕು, ಹೈಡ್ರೋಮೀಟರಿನ ಅಂಕಿ 1.036ರ ಆಸುಪಾಸಿನಿಂದ ಕೆಳಗಿಳಿದಿರಬೇಕು, ಫ್ರಿಜ್ಜಿನಲ್ಲಿಟ್ಟಾಗ ತಳದಲ್ಲಿ ಕೆನೆಬಣ್ಣದ ದಪ್ಪ ಪದರ ಕೂರಬೇಕು. ಈ ಮೂರೂ ಇದ್ದರೆ ನೊರೆಯ ಚಿಂತೆ ಬಿಡಬಹುದು.

ಸೂಕ್ಷ್ಮದರ್ಶಕ ಇರುವವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಕಣ ಎಣಿಸುವ ಗೆರೆ ಕೊರೆದ ಗಾಜಿನ ಪಟ್ಟಿ, ಹೀಮೋಸೈಟೋಮೀಟರ್, ಅವರ ಸಾಧನ. ಮೆಥಿಲೀನ್ ಬ್ಲೂ ಬೆರೆಸಿದರೆ ಸತ್ತ ಕೋಶಗಳು ನೀಲಿಯಾಗಿ ಕಾಣುತ್ತವೆ, ಬದುಕಿದ್ದವು ಬಣ್ಣವನ್ನು ಅಳಿಸಿಹಾಕುತ್ತವೆ. ಸ್ಟಾರ್ಟರನ್ನು ನೂರು ಪಟ್ಟು ತೆಳುಮಾಡಿ, ಒಂದು ಚದರ ಮಿಲಿಮೀಟರಿನಲ್ಲಿ 150 ಜೀವಂತ ಕೋಶ ಕಂಡರೆ ಲೀಟರಿಗೆ 15,000 ಕೋಟಿ ಎಂದು ಅರ್ಥ.

ಆ 150 ಎಷ್ಟು ನಂಬಿಕೆಗೆ ಯೋಗ್ಯ? ಈ ಪ್ರಶ್ನೆಯನ್ನು ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿ ವಿಲಿಯಂ ಸೀಲಿ ಗಾಸೆಟ್ ಕೇಳಿಕೊಂಡರು. 1899ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಅವರು ಯೀಸ್ಟ್ ಬೆರೆಸಿದ ದ್ರವವನ್ನು 400 ಪುಟ್ಟ ಚೌಕಗಳ ಮೇಲೆ ಹರಡಿ ಒಂದೊಂದರಲ್ಲೂ ಎಷ್ಟಿವೆ ಎಂದು ಎಣಿಸಿ ನೋಡಿದರು. ಎಷ್ಟೇ ಚೆನ್ನಾಗಿ ಕಲಕಿದ್ದರೂ ಚೌಕದಿಂದ ಚೌಕಕ್ಕೆ ಸಂಖ್ಯೆ ಬದಲಾಗುತ್ತಿತ್ತು, ಆ ಬದಲಾವಣೆಗೂ ಒಂದು ನಿಯಮವಿತ್ತು. ಎಣಿಕೆ ಎಷ್ಟೋ ಅದರ ವರ್ಗಮೂಲದಷ್ಟು ಏರುಪೇರು ಬರೀ ಆಕಸ್ಮಿಕದಿಂದಲೇ ಬರುತ್ತದೆ. 1907ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅವರು ಇದನ್ನು ಪ್ರಕಟಿಸಿದರು. ಮರುವರ್ಷ ಅದೇ ಹೆಸರಿನಲ್ಲಿ ಬಂದ ಲೇಖನದಿಂದ ಇಂದು ಸಂಖ್ಯಾಶಾಸ್ತ್ರದ ಪ್ರತಿ ವಿದ್ಯಾರ್ಥಿಯೂ ಓದುವ ಟಿ-ಪರೀಕ್ಷೆ ಹುಟ್ಟಿತು. ಬಿಯರಿನ ತೊಟ್ಟಿಯ ಪಕ್ಕ ಕುಳಿತು ಇಂಥ ಪ್ರಶ್ನೆಯನ್ನು ಅಷ್ಟು ಶ್ರದ್ಧೆಯಿಂದ ಬೆನ್ನು ಹತ್ತಿದ ಅವರ ಬಗ್ಗೆ ನನಗೆ ಅಪಾರ ಗೌರವ.

ಹವ್ಯಾಸಿಗೆ ಇದರಿಂದ ಸಿಗುವ ಪ್ರಯೋಜನ ನೇರವಾದದ್ದು. 150ರ ವರ್ಗಮೂಲ ಸುಮಾರು 12. ಅಂದರೆ ಒಂದೇ ಸ್ಟಾರ್ಟರಿನಿಂದ ಎರಡು ಹನಿ ತೆಗೆದು ಎಣಿಸಿದಾಗ ಒಮ್ಮೆ 135, ಇನ್ನೊಮ್ಮೆ 165 ಬಂದರೆ ಅದರಲ್ಲಿ ಯೀಸ್ಟಿನ ತಪ್ಪೇನೂ ಇಲ್ಲ. ಇನ್ನೂ ಹೆಚ್ಚು ಚೌಕ ಎಣಿಸಬೇಕು, ಅಷ್ಟೆ. ಇದು ಕೂಡ ಚೆನ್ನಾಗಿ ಕಲಕಿ ಹನಿ ತೆಗೆದಾಗಿನ ಮಾತು. ಕೆಲವು ತಳಿಗಳು ಕ್ಯಾಲ್ಸಿಯಂ ಸಹಾಯದಿಂದ ಒಂದಕ್ಕೊಂದು ಅಂಟಿ ಗಂಟುಗಂಟಾಗಿ ತಳಕ್ಕೆ ಇಳಿಯುತ್ತವೆ. ಮೇಲಿನ ತಿಳಿಯಿಂದ ಹನಿ ತೆಗೆದರೆ ಯೀಸ್ಟೇ ಇಲ್ಲವೇನೋ ಅನ್ನಿಸುತ್ತದೆ, ತಳದಿಂದ ತೆಗೆದರೆ ಎಣಿಸಲಾಗದಷ್ಟು.

ತಾಜಾ ಪ್ಯಾಕೆಟ್, ಧಾರಾಳ ಗಾಳಿ, ಎಚ್ಚರದ ಎಣಿಕೆ ಎಲ್ಲ ಇದ್ದೂ ಹುಳಿಯೋ ಔಷಧದಂಥ ವಾಸನೆಯೋ ಬಂದರೆ ಒಳಗೆ ಬೇರೆ ಜೀವಿ ಸೇರಿದೆ ಎಂದೇ ಲೆಕ್ಕ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಬಿಯರ್ ಕೆಟ್ಟಾಗ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಕಂಡುಹಿಡಿದ ಕಾರಣವೂ ಕಾಡು ಯೀಸ್ಟಿನ ಬೆರಕೆಯೇ. 1883ರಲ್ಲಿ ಅವರು ಒಂದೇ ಒಂದು ಕೋಶದಿಂದ ಶುದ್ಧ ತಳಿ ಬೆಳೆಸಿದರು, ಬ್ರೂವರಿಯ ಮಾಲೀಕ ಜೆ. ಸಿ. ಯಾಕೊಬ್‌ಸೆನ್ ಅದನ್ನು ಬೇರೆ ತಯಾರಕರಿಗೂ ಹಂಚಿದರು. ಅಂಥ ವಾಸನೆಯ ಸ್ಟಾರ್ಟರನ್ನು ಚೆಲ್ಲಿ, ಫ್ಲಾಸ್ಕನ್ನು ಕುದಿಸಿ, ಹೊಸ ಪ್ಯಾಕೆಟ್ ಒಡೆಯುವುದೇ ಸರಿ.